ಬೇವಿಗೆ ಗೊತ್ತಿಲ್ಲದ ಭೇದ: ಮದ್ದೂರು ಸೀಮೆಯ ಒಂದು ಹುಳುಮನೆಯ ಪ್ರಕರಣ

ಇದು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಒಂದು ರೇಷ್ಮೆ ಕುಟುಂಬದಲ್ಲಿ ನಡೆದದ್ದು. ಊರು, ಹೆಸರು, ಗುರುತು ಹಿಡಿಯಬಹುದಾದ ವಿವರಗಳನ್ನು ಬಿಟ್ಟಿದ್ದೇನೆ. ಬರೆಯಲು ಕೇಳಿದಾಗ ಮನೆಯ ಯಜಮಾನರು ಹೇಳಿದ್ದು ಇಷ್ಟೇ: "ನಮ್ ಹೆಸ್ರು ಬ್ಯಾಡಿ ಸಾ, ವಿಷ್ಯ ಮಾತ್ರ ನಾಕ್ ಜನಕ್ಕೆ ಗೊತ್ತಾಗ್ಲಿ." ಸೊಪ್ಪು, ಎಣ್ಣೆ, ಹೊಗೆಗಳಿಂದ ಹುಳುಹುಪ್ಪಟೆ ಓಡಿಸುವ ಬಗ್ಗೆ ನಮ್ಮಲ್ಲಿ ಮಾತು ಬಹಳ. ಅವು ಹೇಗೆ ಕೆಲಸ ಮಾಡುತ್ತವೆ ಎಂಬ ವಿಚಾರ ಮಾತ್ರ ಕಡಿಮೆ. ಆ ಕೊರತೆಗೆ ತೆರಬೇಕಾಗುವ ಬೆಲೆ ಈ ಒಂದು ಬೆಳೆಯಲ್ಲಿ ಸ್ಪಷ್ಟವಾಗಿ ಕಂಡಿತು.

ಹಿನ್ನೆಲೆ

ಮನೆಯಲ್ಲಿ ಯಜಮಾನರು, ಅವರ ಹೆಂಡತಿ, ಮಗ, ಸೊಸೆ, ಇನ್ನೂ ಅಂಬೆಗಾಲಿಡುವ ಮಗು. ಎರಡು ಹಸು. ನಾಲೆ ನೀರಿನ ಗದ್ದೆ ಸ್ವಲ್ಪ, ಉಳಿದದ್ದು ವಿ-1 ಎಂಬ ತಳಿಯ ಹಿಪ್ಪುನೇರಳೆ ತೋಟ. ಹುಳುಮನೆಗೂ ವಾಸದ ಮನೆಗೂ ನಡುವೆ ಒಂದೇ ಗೋಡೆ, ಇನ್ನೊಂದು ಮಗ್ಗುಲಿಗೆ ಕೊಟ್ಟಿಗೆ. ಎಳೆ ಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತಂದು, ಕಡ್ಡಿಸಮೇತ ಕೊಯ್ದ ಸೊಪ್ಪು ಹಾಕಿ ಸಾಕಿ, ಗೂಡನ್ನು ರಾಮನಗರ ಮಾರುಕಟ್ಟೆಗೆ ಒಯ್ಯುವ ಮನೆತನ. ರೇಷ್ಮೆಯ ಒಡನಾಟ ಇಲ್ಲದವರಿಗೆ ಒಂದು ಮಾತು: ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಮೊದಲು ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಅದೇ ಜ್ವರ.

ಹಿಂದಿನ ಬೆಳೆಯನ್ನು ಊಜಿ ನೊಣ ಹಾಳು ಮಾಡಿತ್ತು. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ಇಂದಿಗೂ ಬೆಳೆಗಾರರ ನಿದ್ದೆ ಕೆಡಿಸುತ್ತಿದೆ. ಹೆಣ್ಣು ನೊಣ ರೇಷ್ಮೆ ಹುಳುವಿನ ಮೈಮೇಲೆಯೇ ಮೊಟ್ಟೆ ಅಂಟಿಸುತ್ತದೆ. ಎರಡು ಮೂರು ದಿನದಲ್ಲಿ ಮರಿ ಹೊರಬಂದು ಚರ್ಮ ಕೊರೆದು ಒಳಸೇರುತ್ತದೆ, ಕೊರೆದ ಜಾಗದಲ್ಲಿ ಕಪ್ಪು ಚುಕ್ಕೆ ಉಳಿಯುತ್ತದೆ. ಎಳೆ ಹುಳುವಾದರೆ ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಕೊನೆಯ ಹಂತದಲ್ಲಿ ಸೋಂಕಿದರೆ ಹುಳು ಗೂಡು ಕಟ್ಟುತ್ತದೆ, ಆದರೆ ಊಜಿಯ ಮರಿ ಆ ಗೂಡನ್ನೇ ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ಇವರ ಗೂಡಿನಲ್ಲಿ ಹಾಗೆ ತೂತಾದದ್ದೇ ಜಾಸ್ತಿ ಇತ್ತು. ಮಾರುಕಟ್ಟೆಯಲ್ಲಿ ಸಿಕ್ಕ ದರ ಸೊಪ್ಪಿನ ಖರ್ಚಿಗೂ ಸಾಲಲಿಲ್ಲ.

ಅದೇ ಹೊತ್ತಿಗೆ ಗೌರಿಹಬ್ಬದ ಆಸುಪಾಸಿನ ಮಳೆ, ಸುತ್ತ ನಿಂತ ನೀರು, ಊರಿನಲ್ಲಿ ಡೆಂಗ್ಯೂ ಭಯ. ಮಗುವಿನ ಕೆನ್ನೆ ತುಂಬ ಸೊಳ್ಳೆ ಕಡಿದ ಗುರುತು. ಕಾಯಿಲ್ ಹಚ್ಚುವಂತಿಲ್ಲ, ಯಾಕೆಂದರೆ ಸೊಳ್ಳೆ ಕಾಯಿಲ್ ಹೊಗೆಗೆ ರೇಷ್ಮೆ ಹುಳು ಸಾಯುತ್ತದೆ ಎಂಬುದು ಆ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಗೋಡೆ ಒಂದೇ ಆದ್ದರಿಂದ ವಾಸದ ಮನೆಯಲ್ಲೂ ಹಚ್ಚುತ್ತಿರಲಿಲ್ಲ.

ಕೈಗೊಂಡ ತೀರ್ಮಾನ

ಹೀಗೆ ಎರಡು ಶತ್ರುಗಳು ಒಂದೇ ಕಾಲಕ್ಕೆ ಎದುರಾದವು: ಹುಳುವಿಗೆ ಊಜಿ, ಮಗುವಿಗೆ ಸೊಳ್ಳೆ. ಎರಡಕ್ಕೂ ಗಿಡಮೂಲದ ಮದ್ದೇ ಸರಿ ಎಂದು ಮನೆಯವರು ತೀರ್ಮಾನಿಸಿದರು. ಅವರ ತರ್ಕ ಸರಳವಾಗಿತ್ತು. ಕಾಯಿಲ್ ಎಂದರೆ ಕೆಮಿಕಲ್, ಅದು ಕೊಲ್ಲುತ್ತದೆ. ಸೊಪ್ಪು ಎಂದರೆ ಪ್ರಕೃತಿ, ಅದು ಓಡಿಸುತ್ತದೆ ಅಷ್ಟೇ. ಯಜಮಾನರ ಮಾತಿನಲ್ಲಿ, "ಬೇವು ದ್ಯಾವ್ರಿದ್ದಂಗೆ ಸಾ, ಅದು ಯಾರ್ಗ್ ಕೆಟ್ಟದ್ ಮಾಡ್ತದೆ?"

ಈ ತರ್ಕವನ್ನು ನಾನು ಹಗುರವಾಗಿ ನೋಡುವುದಿಲ್ಲ. ಓದಿಕೊಂಡವರೂ ಹೀಗೆಯೇ ಯೋಚಿಸುತ್ತಾರೆ. ಆದರೆ ಅವರು ದೂರವಿಟ್ಟ ಕಾಯಿಲಿನ ಮೂಲವೇ ಒಂದು ಗಿಡ ಎಂಬುದನ್ನು ಇಲ್ಲಿ ಹೇಳಬೇಕು. ಸೇವಂತಿಗೆಯ ಬಳಗಕ್ಕೆ ಸೇರಿದ ಪೈರೆಥ್ರಮ್ ಹೂವಿನ ಪುಡಿಯಿಂದಲೇ ಜಪಾನಿನಲ್ಲಿ ಮೊದಲ ಕಾಯಿಲ್ ಹುಟ್ಟಿದ್ದು. ಆ ಹೂವಿನ ಪೈರೆಥ್ರಿನ್ ಕೀಟದ ನರಗಳಲ್ಲಿ ಸೋಡಿಯಂ ಹಾದುಹೋಗುವ ಬಾಗಿಲುಗಳನ್ನು ಮುಚ್ಚಲು ಬಿಡುವುದಿಲ್ಲ. ಇಂದಿನ ಕಾಯಿಲಿನಲ್ಲಿರುವುದು ಅದೇ ಅಣುವಿನ ಮಾದರಿಯಲ್ಲಿ ಕಾರ್ಖಾನೆಯಲ್ಲಿ ತಯಾರಾದದ್ದು. ಹುಣಸೂರು, ಪಿರಿಯಾಪಟ್ಟಣದ ಕಡೆ ಬೆಳೆಯುವ ಹೊಗೆಸೊಪ್ಪಿನ ನಿಕೋಟಿನ್ ಕೂಡ ಗಿಡದ್ದೇ. ಹೊಗೆಸೊಪ್ಪಿನ ಹೊಲದ ಪಕ್ಕದ ಹಿಪ್ಪುನೇರಳೆ ತಿಂದು ರೇಷ್ಮೆ ಹುಳು ವಿಷವೇರಿ ಸಾಯುವುದುಂಟು. ಗಿಡದಿಂದ ಬಂದದ್ದು ಎಂಬುದು ಒಂದು ವಸ್ತುವಿನ ಊರನ್ನು ಹೇಳುತ್ತದೆ, ಗುಣವನ್ನಲ್ಲ.

ಮನೆಯವರು ಮೂರು ಕೆಲಸ ಮಾಡಿದರು. ಹುಳುಮನೆಯ ಬಾಗಿಲ ಹತ್ತಿರ ಮತ್ತು ಮಗುವಿನ ತೊಟ್ಟಿಲ ಹತ್ತಿರ ಮಜ್ಜಿಗೆ ಹುಲ್ಲಿನ ಎಣ್ಣೆ, ಕರ್ಪೂರ ಹಾಕಿದ ದೀಪ ಇಟ್ಟರು. ಸಂಜೆ ಹೊತ್ತು ಕೊಟ್ಟಿಗೆಯಲ್ಲಿ ಬೇವು, ಲಕ್ಕಿ ಸೊಪ್ಪಿನ ಹೊಗೆ ಹಾಕಿದರು. ಮೂರನೆಯದಾಗಿ, ತರಕಾರಿಗೆಂದು ಗೊಬ್ಬರದಂಗಡಿಯಿಂದ ತಂದಿದ್ದ ಬೇವಿನ ಔಷಧಿಯನ್ನು ನೀರಿಗೆ ಬೆರೆಸಿ, ಅದರಲ್ಲಿ ಗೋಣಿಚೀಲ ಅದ್ದಿ, ಊಜಿ ಒಳಗೆ ಬಾರದಿರಲೆಂದು ಹುಳುಮನೆಯ ಬಾಗಿಲಿಗೆ ಪರದೆಯಂತೆ ಕಟ್ಟಿದರು. ಕಿಟಕಿಯ ನೈಲಾನ್ ಬಲೆ ಅಲ್ಲಲ್ಲಿ ಹರಿದಿತ್ತು. ಬಲೆಗೂ ಅದನ್ನೇ ಸಿಂಪಡಿಸಿದರು, ಹೊಲಿಯಲಿಲ್ಲ. ವಾಸನೆ ಇದ್ದಮೇಲೆ ನೊಣ ಬರುವುದಿಲ್ಲ ಎಂಬ ನಂಬಿಕೆ.

ಕೆಟ್ಟದ್ದು ಕಂಡದ್ದು

ಹುಳು ಮೂರನೇ ಜ್ವರದಿಂದ ಎದ್ದವು. ಎದ್ದ ಹುಳು ಹಸಿದಿರುತ್ತದೆ, ಮೊದಲ ಮೇವಿಗೆ ಮುಗಿಬೀಳಬೇಕು. ಮೊದಲ ದಿನ ಸರಿಯಾಗಿಯೇ ತಿಂದವು. ಮಾರನೆಯ ದಿನದಿಂದ ಸೊಪ್ಪು ಹಾಗೆಹಾಗೆಯೇ ಉಳಿಯತೊಡಗಿತು. ಅದನ್ನು ಮೊದಲು ಗುರುತಿಸಿದ್ದು ಸೊಸೆ. ಹಾಸಿಗೆ ಬದಲಿಸುವಾಗ ಹಿಕ್ಕೆ ಕಡಿಮೆ ಇದೆ ಎಂದು ಆಕೆ ಮಾವನಿಗೆ ಹೇಳಿದರು. ಯಜಮಾನರು ಮೊದಲು ಸೊಪ್ಪು ಬಲಿತಿದೆ ಅಂದುಕೊಂಡರು, ಆಮೇಲೆ ಸಪ್ಪೆ ರೋಗ ಅಂದುಕೊಂಡರು. ರೋಗ ಎಂದಾದರೆ ಮುಂದಿನ ಹೆಜ್ಜೆ ಹುಳುವನ್ನೆಲ್ಲ ಎತ್ತಿ ಗುಂಡಿಗೆ ಹಾಕಿ ಸುಣ್ಣ ಸುರಿಯುವುದು. ಗುಂಡಿ ತೋಡಲು ಮಾತಾಗಿತ್ತು. ಅಷ್ಟರಲ್ಲಿ ಮಗ ನನಗೆ ಫೋನ್ ಮಾಡಿದರು. ರೇಷ್ಮೆ ಬೆಳೆಗಾರರಿಗೆ ಸಲಹೆ ಕೊಡುವುದು ನನ್ನ ಕೆಲಸ.

ಹುಳುವನ್ನು ನೋಡಿದಾಗ ರೋಗದ ಚಹರೆ ಕಾಣಲಿಲ್ಲ. ಸಪ್ಪೆ ರೋಗದ ಹುಳು ಮೆತ್ತಗಾಗುತ್ತದೆ, ಜೋಲುತ್ತದೆ, ಹಿಕ್ಕೆ ತೆಳುವಾಗುತ್ತದೆ, ಮುಟ್ಟಿದರೆ ಪ್ರತಿಕ್ರಿಯೆ ಇರುವುದಿಲ್ಲ. ಹಾಲುತೊಂಡೆ ರೋಗವಾದರೆ ಮೈ ಊದಿ, ಚರ್ಮ ಹರಿದು ಹಾಲಿನಂಥ ದ್ರವ ಬರುತ್ತದೆ. ಇವು ಹಾಗಿರಲಿಲ್ಲ. ಚುರುಕಾಗಿದ್ದವು, ಅಲೆಯುತ್ತಿದ್ದವು. ಎಲೆಯ ಅಂಚಿಗೆ ಬಂದು, ಬಾಯಿ ತಾಗಿಸಿ, ತಲೆ ಹಿಂದಕ್ಕೆ ಎಳೆದುಕೊಂಡು, ಅತ್ತಿತ್ತ ಆಡಿಸಿ ಇನ್ನೊಂದು ಎಲೆಗೆ ಹೋಗುತ್ತಿದ್ದವು. ಅಲ್ಲಿಯೂ ಅದೇ. ಹಸಿವಿದೆ, ಹುಡುಕಾಟವಿದೆ, ಎಲೆ ಮಾತ್ರ ಬೇಡವಾಗಿದೆ. ಇಡೀ ಪ್ರಕರಣದ ದಿಕ್ಕು ತಿರುಗಿದ್ದು ಇಲ್ಲಿ. ಹುಳುವಿನಲ್ಲಿ ಏನು ಕೆಟ್ಟಿದೆ ಎಂಬ ಪ್ರಶ್ನೆಯನ್ನು ಬಿಟ್ಟು, ಎಲೆಯ ಮೇಲೆ ಏನಿದೆ ಎಂದು ಕೇಳತೊಡಗಿದೆವು.

ಎಲ್ಲರ ಅನುಮಾನ ದೀಪದ ಮೇಲೆ. ಒಳಗೆ ಕಾಲಿಟ್ಟರೆ ಮೂಗಿಗೆ ಬಡಿಯುತ್ತಿದ್ದುದು ಅದರ ವಾಸನೆಯೇ. ದೀಪ ಆರಿಸಿ, ಕೊಟ್ಟಿಗೆಯ ಹೊಗೆ ನಿಲ್ಲಿಸಿ, ಗಾಳಿಯಾಡಲು ಬಿಟ್ಟೆವು. ಮರುದಿನವೂ ಸೊಪ್ಪು ಉಳಿಯಿತು. ಸೊಪ್ಪನ್ನು ಎಲ್ಲಿಡುತ್ತೀರಿ ಎಂದು ಕೇಳಿದಾಗ ಯಜಮಾನರ ಹೆಂಡತಿ ಹುಳುಮನೆಯ ಮೂಲೆ ತೋರಿಸಿದರು. ಸೊಪ್ಪು ಬಾಡದಿರಲೆಂದು ಒದ್ದೆ ಗೋಣಿಚೀಲ ಮುಚ್ಚುವುದು ಎಲ್ಲ ಹುಳುಮನೆಗಳ ರೂಢಿ. ಬಾಗಿಲಿಗೆ ಕಟ್ಟಿದ ಚೀಲಗಳು ಒಣಗಿದಾಗ ಬಿಚ್ಚಿ ಮತ್ತೆ ಅದ್ದುತ್ತಿದ್ದರು. ಅವೇ ಚೀಲಗಳು ಒಂದೆರಡು ಸಲ ಸೊಪ್ಪಿನ ಮೇಲೂ ಬಂದಿದ್ದವು. ಬಾಗಿಲಿನ ಚೀಲ ಬೇರೆ, ಸೊಪ್ಪಿನ ಚೀಲ ಬೇರೆ ಎಂಬ ಲೆಕ್ಕವನ್ನು ಯಾರೂ ಇಟ್ಟಿರಲಿಲ್ಲ. ಪರಿಶುದ್ಧವಾದದ್ದು ಎಂದುಕೊಂಡ ಮೇಲೆ ಆ ಲೆಕ್ಕ ಯಾಕೆ ಬೇಕು?

ಮೂರು ತಟ್ಟೆ

ಅನುಮಾನವನ್ನು ಅನುಮಾನವಾಗಿಯೇ ಬಿಡುವಂತಿರಲಿಲ್ಲ. ಮೂರು ತಟ್ಟೆಗೆ ಸಮನಾಗಿ ಹುಳು ಬಿಟ್ಟೆವು. ಮೊದಲನೆಯದನ್ನು ದೂರದ ಹಳೇ ಮನೆಯ ಜಗಲಿಯಲ್ಲಿಟ್ಟು, ತೋಟದಿಂದ ನೇರವಾಗಿ ತಂದ ಸೊಪ್ಪು ಹಾಕಿದೆವು. ಎರಡನೆಯದು ಹುಳುಮನೆಯ ಒಳಗೇ, ಅದೇ ತಾಜಾ ಸೊಪ್ಪು. ಮೂರನೆಯದು ಜಗಲಿಯಲ್ಲಿ, ಆದರೆ ಚೀಲದಡಿ ಇಟ್ಟಿದ್ದ ಸೊಪ್ಪು. ಸಂಜೆ ಹೊತ್ತಿಗೆ ಮೊದಲ ಎರಡು ತಟ್ಟೆಯಲ್ಲಿ ಎಲೆಯ ನಾರು ಮಾತ್ರ ಉಳಿದಿತ್ತು. ಮೂರನೆಯದರಲ್ಲಿ ಅಂಚು ಕೂಡ ಸರಿಯಾಗಿ ಕಡಿದಿರಲಿಲ್ಲ. ಜಗಲಿಯ ಒಳ್ಳೆ ಗಾಳಿಯಲ್ಲೂ ಹುಳು ತಿನ್ನಲಿಲ್ಲ ಎಂದಮೇಲೆ ತೊಂದರೆ ಗಾಳಿಯದಲ್ಲ, ಎಲೆಯದು. ದೀಪ ಹುಳುವಿಗೆ ನಿರಪಾಯ ಎಂದು ಈ ಪರೀಕ್ಷೆಯಿಂದ ಹೇಳಲು ಬರುವುದಿಲ್ಲ, ಆ ಹೊತ್ತಿಗೆ ಅದು ಆರಿತ್ತು. ಮೇವು ಬಿಡಿಸಿದ್ದು ಯಾವುದು ಎಂಬುದಕ್ಕೆ ಮಾತ್ರ ಉತ್ತರ ಸಿಕ್ಕಿತು.

ಗಾಟು ವಾಸನೆಯ ದೀಪವನ್ನು ಎಲ್ಲರೂ ಬೈದರು. ಕೆಲಸ ಕೆಡಿಸಿದ್ದು, ವಾಸನೆಗೆ ಸಿಕ್ಕದ ಇನ್ನೊಂದು.

ಇದು ಅರ್ಥವಾಗಬೇಕಾದರೆ, ಗಿಡದ ವಸ್ತು ಕೀಟವನ್ನು ಎಲ್ಲಿ ತಡೆಯುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. ಮಜ್ಜಿಗೆ ಹುಲ್ಲು, ಸಿಟ್ರೊನೆಲ್ಲಾ, ತುಳಸಿ, ನೀಲಗಿರಿಯ ಎಣ್ಣೆಗಳು ಗಾಳಿಯಲ್ಲಿ ಹಾರುವ ಸಣ್ಣ ಅಣುಗಳು. ಸೊಳ್ಳೆ ನಮ್ಮನ್ನು ಹುಡುಕುವುದು ಉಸಿರಿನ ಇಂಗಾಲದ ಡೈಆಕ್ಸೈಡ್, ಬೆವರಿನ ಲ್ಯಾಕ್ಟಿಕ್ ಆಮ್ಲ, ಮೈಯ ಬಿಸಿ ಇವುಗಳ ಜಾಡು ಹಿಡಿದು. ಈ ಎಣ್ಣೆಗಳ ಅಣು ಅದರ ಮೀಸೆಯ ಗ್ರಾಹಕಗಳನ್ನು ತಾಗಿದಾಗ ಜಾಡು ಕಲಸಿಹೋಗುತ್ತದೆ. ಸಿಟ್ರೊನೆಲ್ಲಾಲ್‌ನಂಥವು ಉರಿ, ನೋವನ್ನು ತಿಳಿಸುವ ಗ್ರಾಹಕಗಳನ್ನೂ ಕೆರಳಿಸುತ್ತವೆ. ಹಸುವಿನ ಮೈಗೆ ಹತ್ತುವ ಉಣ್ಣೆಹುಳಕ್ಕೆ ಮೀಸೆಯಿಲ್ಲ, ಅದು ಮೂಸುವುದು ಮುಂಗಾಲಿನಲ್ಲಿರುವ ಒಂದು ಸಣ್ಣ ಗುಳಿಯಿಂದ. ಅಲ್ಲಿಗೂ ಇಂಥ ವಾಸನೆ ತಲಪುತ್ತದೆ. ಆದರೆ ಹಾರಿ ಹರಡುವ ಗುಣವೇ ಬೇಗ ಮುಗಿದುಹೋಗುವ ಗುಣವೂ ಹೌದು. 2002ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಹೋಲಿಕೆಯಲ್ಲಿ, ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕ ಸುಮಾರು 24 ಶೇಕಡಾ ಇದ್ದ ಲೇಪ ಸರಾಸರಿ ಐದು ಗಂಟೆ ಸೊಳ್ಳೆ ಕಡಿತ ತಡೆದರೆ, ಸಿಟ್ರೊನೆಲ್ಲಾದ ಲೇಪಗಳು 20 ನಿಮಿಷವೂ ತಡೆಯಲಿಲ್ಲ. ನಿಂಬೆ ವಾಸನೆಯ ನೀಲಗಿರಿ ಜಾತಿಯಿಂದ ಬರುವ ಪಿಎಂಡಿ ಎಂಬುದು ನಿಧಾನವಾಗಿ ಆರುವುದರಿಂದ ಗಂಟೆಗಟ್ಟಲೆ ಉಳಿಯುತ್ತದೆ, ಆದರೆ ಅದು ಅಂಗಡಿಯ ಮಾಮೂಲಿ ನೀಲಗಿರಿ ಎಣ್ಣೆಯಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಅದನ್ನು ಹಚ್ಚಬಾರದು ಎಂಬ ಎಚ್ಚರಿಕೆಯೂ ಇದೆ.

ಬೇವಿನ ಔಷಧಿಯ ಮುಖ್ಯ ವಸ್ತು, ಬೇವಿನ ಬೀಜದ ಅಜಾಡಿರಾಕ್ಟಿನ್, ಕೆಲಸ ಮಾಡುವ ಬಗೆಯೇ ಬೇರೆ. ಅದು ದೊಡ್ಡ, ಜಟಿಲ ಅಣು. 1968ರಲ್ಲಿ ಬೀಜದಿಂದ ಬೇರ್ಪಡಿಸಿದರೂ ಪ್ರಯೋಗಾಲಯದಲ್ಲಿ ಪೂರ್ತಿ ಕಟ್ಟಲು ಸಾಧ್ಯವಾದದ್ದು 2007ರಲ್ಲಿ. ಅದು ಗಾಳಿಗೆ ಏಳುವುದಿಲ್ಲ. ಬೇವಿನೆಣ್ಣೆಯ ಗಾಟು ವಾಸನೆ ಅದರದಲ್ಲ, ಗಂಧಕವಿರುವ ಬೇರೆ ಅಣುಗಳದು. ಹೀಗಾಗಿ ಬಾಗಿಲಲ್ಲಿ ನೇತುಬಿದ್ದ ಚೀಲದ ಅಜಾಡಿರಾಕ್ಟಿನ್ ಹಾರಿಬರುವ ಊಜಿಯನ್ನು ತಡೆಯುವ ಮಾತೇ ಇರಲಿಲ್ಲ. ಅದರ ಜಾಗ ಕೀಟದ ಬಾಯಿ. 1959ರಲ್ಲಿ ಸುಡಾನಿನಲ್ಲಿ ಮಿಡತೆಯ ದಂಡು ಕಂಡದ್ದನ್ನೆಲ್ಲ ಮೇಯ್ದು ಬೇವಿನ ಮರಗಳನ್ನು ಮಾತ್ರ ಬಿಟ್ಟದ್ದನ್ನು ಜರ್ಮನಿಯ ಕೀಟವಿಜ್ಞಾನಿ ಹೈನ್ರಿಖ್ ಶ್ಮುಟೆರರ್ ಗಮನಿಸಿದರು. ಬೇವಿನ ಮೇಲಿನ ಆಧುನಿಕ ಸಂಶೋಧನೆಗೆ ಅದು ದೊಡ್ಡ ಪ್ರೇರಣೆ. ಅಜಾಡಿರಾಕ್ಟಿನ್ ತಾಗಿದರೆ ಬಾಯಿಯ ಸುತ್ತಲಿನ ರುಚಿಯ ಕೂದಲುಗಳಲ್ಲಿ 'ಬೇಡ' ಎನ್ನುವ ನರ ಎಚ್ಚರಗೊಳ್ಳುತ್ತದೆ, ಸಿಹಿಯನ್ನು ಗುರುತಿಸುವ ನರ ಮಂಕಾಗುತ್ತದೆ. ರೇಷ್ಮೆ ಹುಳು ಎಲೆಗೆ ಬಾಯಿ ತಾಗಿಸಿ ಹಿಂದಕ್ಕೆ ಸರಿದದ್ದು ಇದರಿಂದಲೇ.

ಇನ್ನೊಂದು ಹಂತ ಮೈಯೊಳಗೆ. ಕೀಟ ಪೊರೆ ಬಿಡಲು ಎಕ್ಡೈಸೋನ್ ಎಂಬ ಹಾರ್ಮೋನು ಸರಿಯಾದ ಹೊತ್ತಿಗೆ ಏರಬೇಕು. ಅಜಾಡಿರಾಕ್ಟಿನ್ ಅದನ್ನು ತಡೆಯುತ್ತದೆ, ತಡಮಾಡುತ್ತದೆ. ಈ ಹಾರ್ಮೋನನ್ನು ಮೊದಲು ಬೇರ್ಪಡಿಸಿದ್ದೇ ರೇಷ್ಮೆ ಹುಳುವಿನಿಂದ ಎಂದು ಹೇಳಿದಾಗ ಯಜಮಾನರು ಬಹಳ ಹೊತ್ತು ಅದನ್ನೇ ಮಾತಾಡಿದರು. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್ಸನ್ 500 ಕಿಲೋ ರೇಷ್ಮೆ ಪ್ಯೂಪಾದಿಂದ, ಅಂದರೆ ಗೂಡಿನೊಳಗಿನ ಕೋಶದಿಂದ, ತೆಗೆದದ್ದು ಬರೀ 25 ಮಿಲಿಗ್ರಾಂ. ಅಷ್ಟು ಅಲ್ಪ ಪ್ರಮಾಣದ ವಸ್ತುವಿನ ಲಯ ತಪ್ಪಿದರೆ ಜ್ವರಕ್ಕೆ ಕೂತ ಹುಳು ಏಳುವುದೇ ಇಲ್ಲ.

ಓಡಿಸುವ ಮದ್ದು ಎಂದಾಗ ನಾವು ಒಂದು ವಿಷಯವನ್ನು ಹೇಳದೆಯೇ ಒಪ್ಪಿಕೊಂಡಿರುತ್ತೇವೆ: ಓಡಲು ದಾರಿ ಇದೆ ಎಂದು. ಸೊಳ್ಳೆಗೆ ರೆಕ್ಕೆಯಿದೆ, ಕಿಟಕಿಯಿದೆ. ಸಾವಿರಾರು ವರ್ಷ ಮನುಷ್ಯನ ತಟ್ಟೆಯಲ್ಲೇ ಬೆಳೆದ ರೇಷ್ಮೆ ಹುಳು ಮೇವು ಹುಡುಕಿ ಒಂದು ಅಟ್ಟಣೆಯಿಂದ ಇನ್ನೊಂದಕ್ಕೂ ಹೋಗದು. ಅದರ ಪಾಲಿಗೆ ಉಳಿಯುವುದು ಎರಡೇ: ಉಪವಾಸ, ಇಲ್ಲವೇ ಹಸಿವು ತಾಳಲಾರದೆ ಅದನ್ನೇ ತಿನ್ನುವುದು.

ದೀಪದ ವಿಚಾರಕ್ಕೆ ಒಂದು ಮಾತು ಸೇರಿಸಬೇಕು. ಮಜ್ಜಿಗೆ ಹುಲ್ಲಿನ ಎಣ್ಣೆಯ ಮುಖ್ಯ ಅಂಶ ಸಿಟ್ರಾಲ್. ರೇಷ್ಮೆ ಹುಳುವನ್ನು ಎಲೆಯ ಕಡೆಗೆ ಸೆಳೆಯುವ ವಸ್ತುಗಳನ್ನು ಜಪಾನಿನ ವಿಜ್ಞಾನಿ ಹಮಾಮುರಾ ಪಟ್ಟಿ ಮಾಡಿದಾಗ ಅದರಲ್ಲಿ ಸಿಟ್ರಾಲ್ ಕೂಡ ಇತ್ತು. ಸೊಳ್ಳೆ ದೂರ ಸರಿಯುವ ಪರಿಮಳಕ್ಕೆ ಇನ್ನೊಂದು ಕೀಟ ಹತ್ತಿರ ಬರುತ್ತದೆ. ಒಂದಕ್ಕೆ ಆಗದ್ದು ಎಲ್ಲಕ್ಕೂ ಆಗದು ಎಂಬ ಲೆಕ್ಕ ಕೀಟಲೋಕದಲ್ಲಿ ನಡೆಯುವುದಿಲ್ಲ.

ಆಮೇಲೆ ಆದದ್ದು

ಚೀಲಗಳನ್ನು ಹೊರಹಾಕಿದರು, ಮುಚ್ಚಿಟ್ಟ ಸೊಪ್ಪನ್ನು ತಿಪ್ಪೆಗೆ ಸುರಿದರು. ಇನ್ನುಳಿದದ್ದು ಹುಳುವಿನ ಪ್ರಶ್ನೆ. ಯಜಮಾನರಿಗೆ ಎಲ್ಲವನ್ನೂ ಗುಂಡಿಗೆ ಹಾಕಿ ಹೊಸದಾಗಿ ಶುರುಮಾಡುವ ಮನಸ್ಸು. ಸೊಸೆ ಒಪ್ಪಲಿಲ್ಲ. "ತಿನ್ನದೆ ಇರೋವೇ ಉಳ್ಕೊಂಡಿರ್ತವೆ ಮಾವ, ತಿಂದಿರೋವು ತಾನೆ ಕೆಡದು" ಎಂದರು. ಅಲ್ಲಿದ್ದ ನಮ್ಮೆಲ್ಲರಿಗಿಂತ ನಿಖರವಾಗಿ ಆಕೆ ವಿಷಯ ಹಿಡಿದಿದ್ದರು. ಎಲೆಯನ್ನು ತಿರಸ್ಕರಿಸಿ ಉಪವಾಸವಿದ್ದ ಹುಳುವಿನ ಮೈಗೆ ಅಜಾಡಿರಾಕ್ಟಿನ್ ಹೆಚ್ಚು ಇಳಿದಿರುವುದಿಲ್ಲ. ಹಸಿವಿಗೆ ಸೋತು ತಿಂದದ್ದಕ್ಕೇ ಅಪಾಯ. ಹಾಗಾಗಿ ತಾಜಾ ಸೊಪ್ಪು ಹಾಕಿ, ನಾಲ್ಕನೇ ಜ್ವರದವರೆಗೆ ಕಾಯ್ದು, ಅಲ್ಲಿ ಬೇರ್ಪಡಿಸುವುದು ಎಂದಾಯಿತು.

ನಾಲ್ಕನೇ ಜ್ವರ ಏರುಪೇರಾಗಿ ಬಂತು. ಬಹುಪಾಲು ಹುಳು ತಡವಾಗಿಯಾದರೂ ಎದ್ದವು. ಒಂದು ಭಾಗ ಏಳಲೇ ಇಲ್ಲ. ಹಳೇ ಪೊರೆ ಬಾಲದ ತುದಿಗೆ ಸಿಕ್ಕಿಕೊಂಡು, ಮೈ ಕಪ್ಪಾಗಿ ಸತ್ತವು. ಅವನ್ನು ದಿನಾ ಆರಿಸಿ ತೆಗೆದರು. ಉಳಿದವು ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟಿ ಏರಿದವು, ಒಟ್ಟಿಗೆ ಅಲ್ಲ, ಹಿಂದೆಮುಂದೆ. ಗೂಡು ಒಂದೇ ಗಾತ್ರದಲ್ಲಿರಲಿಲ್ಲ, ಇಳುವರಿ ತಗ್ಗಿತು. ಗುಂಡಿಗೆ ಹಾಕಿದ್ದರೆ ಅಷ್ಟೂ ಸಿಗುತ್ತಿರಲಿಲ್ಲ.

ಊಜಿಗೆ ಮದ್ದಾದದ್ದು ಸೂಜಿದಾರ. ಹರಿದ ಬಲೆ ಹೊಲಿದು, ಬಾಗಿಲಿಗೆ ಬಲೆಯದೇ ಇನ್ನೊಂದು ಚೌಕಟ್ಟು ಹಾಕಿ, ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುವ ಅಭ್ಯಾಸ ಮಾಡಿಕೊಂಡರು. ನೆಲದ ಬಿರುಕಿನಲ್ಲಿ ಊಜಿಯ ಮರಿ ಸೇರಿ ಪ್ಯೂಪಾ ಆಗುತ್ತದೆ, ಆದ್ದರಿಂದ ಬಿರುಕು ಸಿಮೆಂಟಿನಿಂದ ಮುಚ್ಚಿದರು. ಮುಂದಿನ ಬೆಳೆಗೆ, ಊಜಿಯ ಪ್ಯೂಪಾದ ಮೇಲೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುವ ನೆಸೋಲಿಂಕ್ಸ್ ಥೈಮಸ್ ಎಂಬ ಕಣಜವನ್ನೂ ತಂದು ಬಿಟ್ಟರು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಬೆಳೆಗಾರರಿಗೆ ಹೇಳಿಕೊಡುತ್ತ ಬಂದ ಉಪಾಯ ಅದು. ಆ ಬೆಳೆಯಲ್ಲಿ ತೂತು ಗೂಡು ಅಪರೂಪವಾಯಿತು.

ಮಗುವಿಗೆ ಹಗಲೂ ರಾತ್ರಿಯೂ ಸೊಳ್ಳೆಪರದೆ. ಡೆಂಗ್ಯೂ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಹುಟ್ಟುವುದು ನಾಲೆಯಲ್ಲಲ್ಲ, ಮನೆಯ ಸಿಮೆಂಟ್ ತೊಟ್ಟಿ, ಡ್ರಮ್ಮಿನ ತಿಳಿನೀರಿನಲ್ಲಿ. ಅವರ ಹಿತ್ತಿಲ ತೊಟ್ಟಿಯಲ್ಲಿ ಮರಿಗಳು ಕುಣಿಯುತ್ತಿದ್ದವು. ವಾರಕ್ಕೊಮ್ಮೆ ತೊಟ್ಟಿ ಉಜ್ಜಿ ಒಣಗಿಸುವುದು, ಡ್ರಮ್ಮಿಗೆ ಬಟ್ಟೆ ಕಟ್ಟುವುದು ಶುರುವಾಯಿತು. ಸೊಪ್ಪಿನ ಹೊಗೆಯನ್ನು ಮಗು ಮಲಗುವ ಕಡೆ ನಿಲ್ಲಿಸಲು ನಾನೇ ಒತ್ತಾಯಿಸಿದೆ. ಯಾವ ಸೊಪ್ಪಿನದಾದರೂ ಹೊಗೆ ಎಳೆಯ ಶ್ವಾಸಕೋಶಕ್ಕೆ ಹೊಗೆಯೇ.

ಬೇವನ್ನು ಅವರು ಬಿಟ್ಟಿಲ್ಲ, ಬಿಡಬೇಕಾಗಿಯೂ ಇಲ್ಲ. ಅವರೆ, ಹುರುಳಿಗೆ ಬೇವಿನೆಣ್ಣೆ ಸವರಿಡುತ್ತಾರೆ. ಅಲ್ಲಿ ಕಾಳು ಕೊರೆಯುವ ಹುಳುವಿನ ಬಾಯಿಗೇ ಅದು ಸಿಗುತ್ತದೆ, ತಡೆಯಬೇಕಾದದ್ದೂ ಅದನ್ನೇ. ಬೇವಿನ ಹಿಂಡಿ ತೋಟದ ಮಣ್ಣಿಗೆ ಹೋಗುತ್ತದೆ. ಔಷಧಿ ಬಾಟಲಿ, ಸಿಂಪಡಿಸುವ ಕ್ಯಾನು, ಅದ್ದಿದ ಬಟ್ಟೆ ಮಾತ್ರ ಹುಳುಮನೆಯ ಹೊಸ್ತಿಲು ದಾಟುವುದಿಲ್ಲ. ಸೊಪ್ಪು ಮುಚ್ಚುವ ಚೀಲಕ್ಕೆ ಕೆಂಪು ದಾರದ ಗುರುತು ಹೊಲಿದಿದ್ದಾರೆ.

ತೋಟಕ್ಕೆ ಎಲೆಯ ರಸ ಹೀರುವ ಥ್ರಿಪ್ಸ್ ಎಂಬ ಸಣ್ಣ ಕೀಟ ಬಿದ್ದು ಬೇವಿನ ಔಷಧಿ ಹೊಡೆಯಲೇಬೇಕಾಗಿ ಬಂದರೆ, ಇಲಾಖೆಯವರು ಹೇಳಿದಷ್ಟು ದಿನ ಕಾಯ್ದು, ಆಮೇಲೆ ಹತ್ತಿಪ್ಪತ್ತು ಹುಳುವಿಗೆ ಮೊದಲು ಹಾಕಿ ನೋಡುತ್ತಾರೆ. ಈ ಪರೀಕ್ಷೆಯಲ್ಲಿ ಒಂದು ಸೂಕ್ಷ್ಮವಿದೆ. ಅರ್ಧ ದಿನದಲ್ಲಿ ಗೊತ್ತಾಗುವುದು ಹುಳು ಎಲೆಯನ್ನು ಬೇಡ ಅನ್ನುತ್ತದೆಯೇ ಎಂಬುದಷ್ಟೇ. ಬಾಯಿಗೆ ತಿಳಿಯದಷ್ಟು ಅಲ್ಪ ಪ್ರಮಾಣ ಎಲೆಯಲ್ಲಿದ್ದರೆ ಅದು ತೋರುವುದು ಮುಂದಿನ ಜ್ವರದಲ್ಲಿ. ಅದಕ್ಕೇ ಈಗ ಸೊಸೆ ಆ ತಟ್ಟೆಯನ್ನು ಬೇರೆಯೇ ಇಟ್ಟು, ಅದರ ಹುಳು ಜ್ವರ ಎದ್ದದ್ದನ್ನು ಕಂಡ ಮೇಲೆಯೇ ಆ ಪಾತಿಯ ಸೊಪ್ಪು ಕೊಯ್ಯಲು ಹೇಳುತ್ತಾರೆ. ಅಲ್ಲಿಯವರೆಗೆ ಬೇರೆ ಪಾತಿಯ ಸೊಪ್ಪು.